ಅಜ್ಜ ಒಂದೇ ಸಲ ಏರಿಸಿದ ಬಾವುಟ

ಮೀನುಗಾರಿಕೆ ಕಚೇರಿಯ ಮುಖ್ಯಸ್ಥರೇ,

ಬರುವ ವಸಂತದಲ್ಲಿ ನಮ್ಮ ಕೊಲ್ಲಿಯಿಂದ ಮತ್ತೆ ತಿಮಿಂಗಿಲ ಬೇಟೆಯ ದೋಣಿಗಳು ಹೊರಡುತ್ತವಂತೆ. ಗುಡ್ಡದ ಕಾವಲುಕಟ್ಟೆಯಲ್ಲಿ ಬಾವುಟ ಏರಿಸಿ ಅವನ್ನು ಬೀಳ್ಕೊಡುವ ಗೌರವವನ್ನು ಎಂಬತ್ತೊಂದು ವರ್ಷದ ನನಗೆ ದಯಪಾಲಿಸಿದ್ದೀರಿ. ಏರಿಸುವುದಿಲ್ಲ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು, ಆದರೆ ನಿಮ್ಮ ಪತ್ರದ ಒಂದು ಸಾಲು ಮೈ ಉರಿಸಿತು: "ತಿಮಿಂಗಿಲಗಳ ಸಂತತಿ ತೃಪ್ತಿಕರವಾಗಿ ಚೇತರಿಸಿಕೊಂಡಿದೆ." ಯಾರಿಗೆ ತೃಪ್ತಿ ಸ್ವಾಮಿ? ತಿಮಿಂಗಿಲಗಳನ್ನು ಕೇಳಿದಿರಾ?

ನನ್ನ ಅಜ್ಜ ಕಾಂಜಿರೊ ಆ ಕಟ್ಟೆಯ ಕಾವಲುಗಾರ. ಕಡಲಲ್ಲಿ ತಿಮಿಂಗಿಲದ ಉಸಿರು ಚಿಮ್ಮಿದರೆ ಅವನು ಬಾವುಟ ಏರಿಸಬೇಕು, ಅದನ್ನು ನೋಡಿ ದೋಣಿಗಳು ನುಗ್ಗಬೇಕು. ಕಟ್ಟಳೆ ಒಂದೇ: ಸೆಮಿ ಎಂಬ ಜಾತಿಯ ತಿಮಿಂಗಿಲ ಮರಿಯ ಜೊತೆ ಬಂದರೆ ಊರು ಉಪವಾಸವಿದ್ದರೂ ಕೈಕಟ್ಟಿ ಕೂರಬೇಕು. ನಾನು ಹುಟ್ಟುವ ಮೊದಲು, ಊರೆಲ್ಲ ಬರೀ ಗೆಣಸು ತಿಂದು ಬದುಕಿದ್ದ ಒಂದು ಚಳಿಗಾಲದಲ್ಲಿ, ಅಜ್ಜ ಬಾವುಟ ಏರಿಸಿಬಿಟ್ಟ.

"ಒಂದೇ ಉಸಿರು ಕಂಡಿದ್ದು ಕಣೇ ಕಿನುಎ," ಎಂದು ನನಗೆ ಹೇಳುತ್ತಿದ್ದ. "ಮರಿ ಅದರಮ್ಮನ ಆಚೆ ಮಗ್ಗುಲಲ್ಲಿತ್ತು. ಹಸಿದ ಕಣ್ಣಿಗೆ ಅಷ್ಟೇ ಕಾಣ್ಸೋದು."

ಊರು ಹೊಟ್ಟೆ ತುಂಬ ಉಂಡಿತು. ಅಜ್ಜ ಮುಟ್ಟಲಿಲ್ಲ. ಬೌದ್ಧ ಮಂದಿರಕ್ಕೆ ಹೋಗಿ, ಸತ್ತ ಮನುಷ್ಯರಿಗೆ ಇಡುವಂತೆ, ತಾಯಿಗೊಂದು ಮರಿಗೊಂದು ಹೆಸರು ಇಡಿಸಿದ. ಆಮೇಲೆ ಮೂವತ್ತೆಂಟು ಚಳಿಗಾಲ ಬಾವುಟವಿಲ್ಲದೆ ಬರಿಗೈಯಲ್ಲಿ ಗುಡ್ಡ ಹತ್ತಿ, ಇನ್ನೊಂದು ತಾಯಿ-ಮರಿ ಬಂದೀತೆಂದು ಕಾದು, ಕಾಣದೆ ಸತ್ತ. ಅಂದಿನಿಂದ ನಾನು ಹತ್ತುತ್ತಿದ್ದೇನೆ. ಬಾವುಟ ಏರಿದ್ದು ನಮ್ಮ ಕೊಲ್ಲಿಯಲ್ಲಿ ಮಾತ್ರವಲ್ಲ. ದೂರದೇಶಗಳ ಹಡಗುಗಳೂ ಎಣ್ಣೆಗೆಂದು ಅವುಗಳ ವಂಶವನ್ನೇ ಬಗೆದು ಹಾಕಿದವು. ಮೂರ್ನಾಲ್ಕು ವರ್ಷಕ್ಕೊಂದು ಮರಿ ಹಾಕುವ ಜೀವ, ನಿಮ್ಮ ಕಡತದ ವೇಗಕ್ಕೆ ಹೆರಲು ಸಾಧ್ಯವೇ?

ಪತ್ರ ತಂದ ನಿಮ್ಮ ಗುಮಾಸ್ತ ಒಳ್ಳೆಯವನು. ಚಹಾ ಕುಡಿದ, ನಾನು ಉಪ್ಪು ಹಾಕಿಟ್ಟ ಮೂಲಂಗಿಯನ್ನು ಹೊಗಳಿದ.

"ಅಜ್ಜಿ, ಫೋಟೋಗೆ ಅಷ್ಟೇ. ಸುಮ್ನೆ ಒಂದೇ ಒಂದ್ಸಲ ಎತ್ಬಿಡಿ."

"ನಮ್ಮಜ್ಜ ತಪ್ಪಿ ಎತ್ತಿದ್ದೂ ಒಂದೇ ಸಲ ಕಣಪ್ಪ."

ಅವನು ಲೋಟ ಕೆಳಗಿಟ್ಟ.

ಈಗ ನನ್ನ ಬೇಡಿಕೆ. ಬೇಟೆಯ ಪರವಾನಗಿಯನ್ನು ಹಿಂತೆಗೆದುಕೊಳ್ಳಿ. ಸಮಾರಂಭಕ್ಕೆಂದು ನೀವು ಹೊಲಿಸಿದ ಹೊಸ ಬಾವುಟ ದಂಡವಾಯಿತೆಂಬ ಚಿಂತೆಯಿದ್ದರೆ ನನಗೆ ಕಳಿಸಿ, ನೆಲ ಒರೆಸಲು ಬಟ್ಟೆ ಬೇಕಾಗಿದೆ.

ಕಳೆದ ಫೆಬ್ರವರಿಯಲ್ಲಿ ನಾನು ಒಂದು ಇಡೀ ದಿನ ಊಟಕ್ಕೂ ಇಳಿಯದೆ ಗುಡ್ಡದ ಮೇಲೆ ಕುಳಿತು ಅತ್ತೆನೆಂದೂ, ಸಂಜೆ ನೇರವಾಗಿ ಅಜ್ಜನ ಸಮಾಧಿಗೆ ಹೋದೆನೆಂದೂ ಊರಲ್ಲಿ ಮಾತಿದೆ. ಏನು ಕಂಡಿರಿ, ಯಾವ ದಿಕ್ಕಿಗೆ ಹೋದವು ಎಂದು ಗುಮಾಸ್ತನೂ ಮೆಲ್ಲಗೆ ಕೇಳಿದ. ಏನೂ ಕಂಡಿಲ್ಲ. ವಯಸ್ಸಾಯಿತು, ಕಣ್ಣಿಗೆ ಪೊರೆ ಬಂದಿದೆ. ಬೇಕಿದ್ದರೆ ವೈದ್ಯರ ಚೀಟಿಯನ್ನೂ ಲಗತ್ತಿಸುತ್ತೇನೆ.

ಇಂತಿ,
ನಿಮ್ಮ ಪಾಲಿಗೆ ಕಣ್ಣು ಕಾಣದ ಕಾವಲುಗಾರ್ತಿ,
ಇಸೊಬೆ ಕಿನುಎ