ಕೆಂಚ ನಿವಾಸಿ, ನಾನಲ್ಲ

ಫ್ಲೋರಲ್ ಪಾರ್ಕ್,
ಅಕ್ಟೋಬರ್ ೨೦೦೯

ನಮ್ಮ ಬೇಟೆ ಕೂಟದ ಅಧ್ಯಕ್ಷರಾದ ಉತ್ತಯ್ಯನವರಿಗೆ,

ಕಳೆದ ಭಾನುವಾರ ಕೂಟ ನನಗೆ ಅನ್ಯಾಯ ಮಾಡಿತು. ಫೆಸೆಂಟ್ ಹಕ್ಕಿಯ ಬೇಟೆಗಾಲ ಮುಗಿಯುವವರೆಗೆ ನ್ಯೂಜೆರ್ಸಿಯ ಹೊರಗಿರುವ ಸದಸ್ಯರು ಅಲ್ಲಿನ ನಮ್ಮ ಕೂಟದ ಫಾರ್ಮಿಗೆ ಕಾಲಿಡಬಾರದೆಂದು ನೀವು ಠರಾವು ಮಾಡಿದಿರಿ. ಹಕ್ಕಿ ಕಡಿಮೆ, ಕೋವಿ ಹೆಚ್ಚು, ಒಪ್ಪುತ್ತೇನೆ. ಆದರೆ ನಾನು ನ್ಯೂಯಾರ್ಕಿಗೆ ಬಂದದ್ದು ಇಷ್ಟಪಟ್ಟಲ್ಲ. ಕೆಲಸ ಹೋಯಿತು, ನ್ಯೂಜೆರ್ಸಿಯ ಎಡಿಸನ್ನಿನಲ್ಲಿದ್ದ ಮನೆಯನ್ನು ಬ್ಯಾಂಕು ತೆಗೆದುಕೊಂಡಿತು, ಮಗಳ ಅಪಾರ್ಟ್‌ಮೆಂಟ್ ಸೇರಿದೆ. ಇಲ್ಲಿ ನಾಯಿ ಸಾಕುವಂತಿಲ್ಲವೆಂದೇ ನನ್ನ ಬೇಟೆನಾಯಿ ಕೆಂಚನನ್ನು ಫಾರ್ಮಿನಲ್ಲಿ ಬಿಟ್ಟಿದ್ದೇನೆ.

ನಿಮ್ಮ ಕಾರ್ಯದರ್ಶಿ ಕೀರ್ತನ್ ಫೋನಿನಲ್ಲಿ ನಗುತ್ತಲೇ ಹೇಳಿದ: “ರೂಲ್ ಅಂದ್ರೆ ರೂಲ್ ಅಂಕಲ್. ಕೆಂಚ ಬೇಟೆಗೆ ಬರ್ಬೋದು, ಅವ್ನು ರೆಸಿಡೆಂಟ್. ನೀವಲ್ಲ!”

ನಮ್ಮ ಅಜ್ಜಂದಿರು ಬೇಟೆಯಲ್ಲಿ ದಾರಿಹೋಕನಿಗೂ ಪಾಲು ಕೊಡುತ್ತಿದ್ದರು, ನಾಯಿಗೂ ಇಡುತ್ತಿದ್ದರು. ೧೯೮೬ರಲ್ಲಿ ಆ ಪದ್ಧತಿಯನ್ನು ಕೂಟಕ್ಕೆ ತಂದವರು ನಾವಿಬ್ಬರೇ.

ಒದ್ದೆ ಹುಲ್ಲಿನಿಂದ ಬಂದ ಮೇಲೆ ಕೆಂಚನ ಎಡಗಿವಿ ಒರೆಸಿ, ಅದು ಸೋರುತ್ತದೆ. ಬೇರೆಯವರ ಸಿಳ್ಳೆಗೆ ಅವನು ಬರುವುದಿಲ್ಲ. ಹೊಡೆಯಬೇಡಿ.

ಮುಂದಿನ ಸಭೆ ಫಾರ್ಮಿನಲ್ಲೇ ಇದೆಯಲ್ಲ, ನಾನು ಬೇಲಿಯಾಚೆ ನಿಂತಿರುತ್ತೇನೆ. ಮನೆ ಕಳೆದುಕೊಂಡವನು ಕೂಟಕ್ಕೂ ಹೊರಗಿನವನೇ? ಎಲ್ಲರೆದುರು, ನನಗೂ ಕೇಳಿಸುವಂತೆ ಉತ್ತರಿಸಿ.

ನಿಮ್ಮ ಹಳೆಯ ಜೊತೆಗಾರ,
ಪೂಣಚ್ಚ