ಆಯುಧಪೂಜೆಯ ದಿನ ನಾನು ಬಾಗಿಲಾಚೆ ನಿಂತದ್ದು

ಕೊಡಿಗೇಹಳ್ಳಿ, ಬೆಂಗಳೂರು
೨೦ ಅಕ್ಟೋಬರ್ ೧೯೮೩

ಪ್ರೀತಿಯ ಮಗ ಆನಂದಪ್ಪನಿಗೆ ತಾಯಿಯ ಆಶೀರ್ವಾದಗಳು.

ನಿನ್ನ ಕೆಮ್ಮು ಈಗ ಹೇಗಿದೆ? ರಾಯಚೂರಿನ ಬಿಸಿಲಿನಲ್ಲಿದ್ದೂ ಕೆಮ್ಮು ತರಿಸಿಕೊಳ್ಳುವುದು ನಿನ್ನೊಬ್ಬನಿಂದಲೇ ಸಾಧ್ಯ. ನಾನು ಕಳುಹಿಸಿದ ಕಷಾಯದ ಪುಡಿಯನ್ನು ಬ್ಯಾಂಕಿನ ಮೇಜಿನ ಖಾನೆಯಲ್ಲಿಟ್ಟು ಮರೆಯಬೇಡ, ರಾತ್ರಿ ಊಟವಾದ ಮೇಲೆ ಕುಡಿ. ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ. ನನ್ನ ಸೊಸೆ ಮುನಿರತ್ನ ಆರೋಗ್ಯವಾಗಿದ್ದಾಳೆ. ಹಿತ್ತಲಿನ ಸೀಬೆ ಗಿಡ ಈ ಸಲ ಮೈತುಂಬ ಕಾಯಿ ಬಿಟ್ಟಿದೆ. ನಿನ್ನ ಕಾಗದದಲ್ಲಿ ಮೂರು ಕಡೆ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿಟ್ಟಿದ್ದೇನೆ, ಬಂದಾಗ ನೋಡು.

ಇನ್ನು ನೀನು ಬರೆದ ವಿಷಯ. ನಿನ್ನ ಹೆಂಡತಿಗೆ ಆ ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸ ಸಾಕಾಗಿದೆ, ಪ್ರತಿ ಕಾಗದದಲ್ಲೂ ಗೊಣಗುತ್ತಾಳೆ, ದೀಪಾವಳಿಗೆ ಬಂದಾಗ ರಾಜೀನಾಮೆ ಕೊಡಿಸಿ ರಾಯಚೂರಿಗೆ ಕರೆದುಕೊಂಡು ಹೋಗುತ್ತೇನೆ, ಅಷ್ಟರಲ್ಲಿ ಅವಳ ಮನಸ್ಸನ್ನು ಸಿದ್ಧಗೊಳಿಸಿರಬೇಕು ಎಂದು ನನಗೆ ಹೇಳಿದ್ದೀಯೆ. ಮದುವೆಯಾಗಿ ಎರಡು ವರ್ಷ, ಅದರಲ್ಲಿ ಹದಿನಾಲ್ಕು ತಿಂಗಳು ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ನಿನ್ನ ಸಂಕಟ ನನಗೆ ತಿಳಿಯದೆ ಇಲ್ಲ. ಆದರೆ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ನಾನು, ಉತ್ತರಪತ್ರಿಕೆ ಓದದೆ ಅಂಕ ಕೊಟ್ಟವಳಲ್ಲ. ಆದ್ದರಿಂದ ಕಂಪನಿಯ ಬಸ್ಸು ಬರುವ ಅರಳಿಕಟ್ಟೆಯ ಬಳಿ ಒಂದು ವಾರ ಬೆಳಿಗ್ಗೆ ನಿಂತು, ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಆ ಕೆಲಸದಲ್ಲಿ ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಕೇಳಿದೆ.

ಹಿಡಿಸದ ಸಂಗತಿಗಳನ್ನು ನೀನು ಕೇಳಿಸಿಕೊಂಡಿದ್ದರೆ ಗೆದ್ದೆನೆಂದೇ ಭಾವಿಸುತ್ತಿದ್ದೆ. ಕೂದಲಿಗಿಂತ ತೆಳ್ಳಗಿನ ಚಿನ್ನದ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಬೆಸೆಯುವುದರಿಂದ ಸಂಜೆಗೆ ಕಣ್ಣು ಉರಿಯುತ್ತದೆ. ಹೂ ಮುಡಿಯುವಂತಿಲ್ಲ, ಪೌಡರ್ ಹಚ್ಚುವಂತಿಲ್ಲ. ಚಹಾಕ್ಕೆ ಹತ್ತು ನಿಮಿಷ, ಅದರಲ್ಲಿ ಐದು ನಿಮಿಷ ಬಿಳಿಯ ನಿಲುವಂಗಿಯನ್ನು ಕಳಚಿ ತೊಡುವುದಕ್ಕೇ ಆಗುತ್ತದೆ. ಹೊರಡುವಾಗ ಗೇಟಿನಲ್ಲಿ ಊಟದ ಡಬ್ಬಿಯನ್ನೂ ತೆಗೆಸಿ ನೋಡುತ್ತಾರೆ. ಬಿಜಾಪುರದ ಕಡೆಯಿಂದ ಬಂದು ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ಈರವ್ವನಿಗೆ ಕ್ಯಾಂಟೀನಿನ ಮೇಲೆ ಕೋಪ. "ದಿನಾ ಅನ್ನಾನ ಹಾಕ್ತಾರ್ರೀ ಅಕ್ಕೋರ. ಒಂದ್ ರೊಟ್ಟಿ ಕೊಡ್ರಿ ಅಂದ್ರ ನಕ್ಕೋತ ನಿಂದರ್ತಾರ" ಎಂದಳು. ಹಾಗಾದರೆ ಬಿಟ್ಟುಬಿಡಬಾರದೇ ಎಂದೆ. ಅವಳು ತಿರುಗಿ ನನ್ನನ್ನೇ ಕೇಳಿದಳು. "ಬಿಡೂದ್ ಯಾಕ್ರೀ? ರೊಟ್ಟಿ ನಾ ಮನ್ಯಾಗ ಬಡಕೋತೀನಿ. ಆ ಮಷೀನ್ ಮನ್ಯಾಗ ಎಲ್ಲೈತ್ರೀ?"

ಹಿಡಿಸುವುದನ್ನು ಹೇಳಲು ಅವರೆಲ್ಲರಿಗೂ ನಾಚಿಕೆ. ಬೇಸಿಗೆಯಲ್ಲಿಯೂ ತಣ್ಣಗಿರುವ ಕೊಠಡಿ, ಮನೆಯ ಹತ್ತಿರಕ್ಕೇ ಬರುವ ಬಸ್ಸು ಎಂದು ಸುತ್ತಿ ಬಳಸಿ ಹೇಳಿದರು. ಒಬ್ಬಳು ಮಾತ್ರ, ನಿಲುವಂಗಿಯ ಜೇಬಿನ ಮೇಲೆ ತನ್ನ ಹೆಸರಿದೆ, ಊರಿನಲ್ಲಿ ತನ್ನನ್ನು ಇಂಥವರ ಮಗಳು ಎಂದಲ್ಲದೆ ಯಾರೂ ಕರೆದಿರಲಿಲ್ಲ ಎಂದಳು.

ಮುನಿರತ್ನಳನ್ನು ಕೇಳುವ ಮೊದಲೇ ಆಯುಧಪೂಜೆ ಬಂತು. ಆ ದಿನ ಮನೆಯವರನ್ನೂ ಒಳಗೆ ಬಿಡುವುದು ಅಲ್ಲಿನ ಪದ್ಧತಿ. ಲೇತುಗಳಿಗೆ ಬಾಳೆಕಂದು, ಲಾರಿಗಳಿಗೆ ಚೆಂಡುಹೂವಿನ ಹಾರ, ಎಲ್ಲರ ಕೈಯಲ್ಲೂ ಕಡಲೆಪುರಿಯ ಪೊಟ್ಟಣ. ಆದರೆ ಇವಳ ವಿಭಾಗದಲ್ಲಿ ಧೂಳಿನ ಕಣವೂ ಸುಳಿಯಬಾರದಂತೆ. ಅಲ್ಲಿ ಪೂಜೆ ನಡೆಯುವುದು ಗಾಜಿನ ಬಾಗಿಲಿನ ಹೊರಗೆ, ತಟ್ಟೆಯಲ್ಲಿಟ್ಟ ಒಂದು ಚಿಮಟಕ್ಕೆ. ಬಂದವರೆಲ್ಲ ಗಾಜಿನಾಚೆಯಿಂದಲೇ ನೋಡಿದರು. ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿಯೆಂದು ತಿಳಿದ ಮೇಲ್ವಿಚಾರಕ ಮಹಾಲಿಂಗಪ್ಪನವರು ಮಾತ್ರ ಗೌರವದಿಂದ ನನಗೆ ನಿಲುವಂಗಿ, ಟೊಪ್ಪಿಗೆ ತೊಡಿಸಿ ಒಳಗೆ ಕರೆದೊಯ್ದರು. ಅವರು ಆ ಗೌರವವನ್ನು ತೋರದಿದ್ದರೆ ಚೆನ್ನಾಗಿತ್ತು.

ಒಳಗೆ ಸಾಲಾಗಿ ಯಂತ್ರಗಳು, ಒಂದಕ್ಕೂ ಕುಂಕುಮವಿಲ್ಲ. ನನ್ನ ಸೊಸೆಗೆ ಅನ್ನ ಕೊಡುವ ಯಂತ್ರ ಆಯುಧಪೂಜೆಯ ದಿನ ಬರಿಯ ಹಣೆಯಲ್ಲಿರುವುದೇ ಎಂದು ನನ್ನ ಮನಸ್ಸು ಒಪ್ಪಲಿಲ್ಲ. ಸೊಂಟದಲ್ಲಿದ್ದ ಕುಂಕುಮದ ಭರಣಿಯನ್ನು ತೆಗೆದು, ಅವಳ ಸೂಕ್ಷ್ಮದರ್ಶಕದ ನೆತ್ತಿಗೆ ಒಂದು ಬೊಟ್ಟು ಇಟ್ಟೇಬಿಟ್ಟೆ. ಮೇಲಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಕುಂಕುಮ ಮೇಜಿನ ತುಂಬ ಹಾರಿತು.

"ಅತ್ತೆ, ಏನೂ ಮುಟ್ಬೇಡಿ. ಆಚೆ ಹೋಗಿ ನಿಂತ್ಕೊಳ್ಳಿ."

ಮುನಿರತ್ನ ಧ್ವನಿ ಏರಿಸಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ನೂರಾರು ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿದವಳು ನಾನು, ಮೊದಲ ಬಾರಿಗೆ ನಿಂತೆ. ಮಹಾಲಿಂಗಪ್ಪನವರು ನನ್ನ ಮಾನ ಕಾಪಾಡಲು "ಹೋಗ್ಲಿ ಬಿಡಮ್ಮ, ಹಿರಿಯರು" ಎಂದರು. ಅವಳು, "ಹಿರಿಯರೇ ಸಾರ್, ಆದ್ರೆ ಅದು ಧೂಳಿಗೆ ಗೊತ್ತಾಗಲ್ವಲ್ಲ" ಎಂದಳು. ಹಬ್ಬದ ದಿನ ಎಲ್ಲರೂ ಹೊರಟರೂ ಅವಳು ಈರವ್ವನನ್ನು ಜೊತೆಗಿಟ್ಟುಕೊಂಡು ಎರಡೂವರೆ ಗಂಟೆ ಆ ಮೇಜನ್ನೂ ಯಂತ್ರವನ್ನೂ ಶುಚಿಗೊಳಿಸಿದಳು. ನಾನು ಕಡಲೆಪುರಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಗಾಜಿನಾಚೆಯಿಂದ ನೋಡುತ್ತ ಕುಳಿತೆ. ಆನಂದಪ್ಪ, ಅಲ್ಲಿ ನಾನು ಕಂಡವಳು ನಮ್ಮ ಮನೆಯಲ್ಲಿ ತಲೆ ತಗ್ಗಿಸಿ ಓಡಾಡುವ ಹುಡುಗಿಯಲ್ಲ. ಯಾವ ತಿರುಪನ್ನು ಎಷ್ಟು ಸಡಿಲಿಸಬೇಕೆಂದು ಆ ಬೆರಳುಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಅವಮಾನವಾಗಬೇಕಿತ್ತು, ಆದರೆ ಹೆಮ್ಮೆಯಾಯಿತು.

ನಮಗಾಗಿ ಕಾದಿದ್ದ ಬಸ್ಸಿನ ಚಾಲಕ ಬ್ಯಾಟರಾಯಪ್ಪ ಸುಮ್ಮನಿರುವವನೇ? ಅವನ ತಂಗಿ ನನ್ನ ಶಿಷ್ಯೆ. "ಏನ್ ಮೇಡಮ್ಮೋರೇ, ನಿಮ್ನೂ ಕ್ಲಾಸಿಂದ ಆಚೆ ನಿಲ್ಸ್‌ಬಿಟ್ರಂತಲ್ಲ. ಇಂಗಾಗಬಾರದಿತ್ತು" ಎಂದು ಹೆಬ್ಬಾಳ ದಾಟುವವರೆಗೂ ನಕ್ಕ.

ಮನೆಗೆ ಬಂದ ಮೇಲೆ ಅವಳು "ಬೇಜಾರಾಯ್ತಾ ಅತ್ತೆ?" ಎಂದು ಕಣ್ಣು ತುಂಬಿಕೊಂಡಳು. ಇಲ್ಲವೆಂದು ಹೇಳಿ, ನಿನ್ನ ಕಾಗದದ ವಿಷಯ ತಿಳಿಸಿದೆ. ಕೈಯಲ್ಲಿದ್ದ ಸೀಬೆಕಾಯಿಯನ್ನು ಹೆಚ್ಚಿ ಮುಗಿಸಿದಳು. ಆಮೇಲೆ, "ಅವ್ರು ಬಿಡು ಅಂದ್ರೆ ಬಿಡ್ತೀನಿ ಅತ್ತೆ. ಒಂದ್ ವಾರ ಮುಂಚೆ ಹೇಳಕ್ಕೆ ಹೇಳಿ. ನನ್ ಮಷಿನ್ನು ಎಡಗಡೆ ಚೂರು ಎಳೆಯುತ್ತೆ, ಮುಂದೆ ಬರೋಳಿಗೆ ತೋರಿಸ್ಕೊಡ್ಬೇಕು" ಎಂದಳು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ.

ಗೊಣಗುವುದನ್ನು ನೀನು ತಪ್ಪಾಗಿ ಓದಿದ್ದೀಯೆ, ಮಗು. ಸೋರುವ ತರಗತಿ, ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಎಂದು ನಾನೂ ಮೂವತ್ತನಾಲ್ಕು ವರ್ಷ ಗೊಣಗಿದೆ. "ಬಿಟ್ಟು ಮನೇಲಿರು" ಎಂದು ಒಮ್ಮೆ ಹೇಳಿದ ತಪ್ಪಿಗೆ ನಿನ್ನ ತಂದೆಯವರ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ತಮ್ಮದೆನಿಸಿದ್ದರ ಬಗ್ಗೆ ಮಾತ್ರ ಮನುಷ್ಯರು ಅಷ್ಟು ಶ್ರದ್ಧೆಯಿಂದ ಗೊಣಗುತ್ತಾರೆ. ಅವಳ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ನನ್ನಿಂದಾಗದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆಯ ಮಾಲೀಕರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾಯಿ,
ಮುನಿಕೃಷ್ಣಮ್ಮ

ಮರೆತಿದ್ದೆ: ಟಪಾಲು ತೆಗೆಯುವ ಹೊತ್ತಾಯಿತು, ಚಿಕ್ಕದಾಗಿ ಬರೆಯುತ್ತೇನೆ. ನಿನ್ನೆ ಬಸ್ಸು ಹತ್ತಿ ನಿಮ್ಮ ಬ್ಯಾಂಕಿನ ಯಲಹಂಕ ಶಾಖೆಗೆ ಹೋಗಿ ಬಂದೆ. ಜನವರಿಯಲ್ಲಿ ಅಲ್ಲಿ ಒಬ್ಬರು ನಿವೃತ್ತರಾಗುತ್ತಾರಂತೆ. ವರ್ಗಾವಣೆಯ ಅರ್ಜಿಯನ್ನು ನಿನ್ನ ಹೆಸರಿನಲ್ಲಿ ನಾನೇ ಬರೆದು ಇದರೊಳಗೆ ಇಟ್ಟಿದ್ದೇನೆ, ಸಹಿಯೊಂದು ಬಾಕಿ. ಮುನಿರತ್ನಳಿಗೆ ತಿಳಿಸಿಲ್ಲ. ಅವಳಿಗೆ ಹೇಳಬೇಕಾದವನು ನೀನು, ಅರ್ಜಿ ಕೊಟ್ಟ ದಿನವೇ ಬರೆ. ಹುಡುಗಿ ಇನ್ನೂ ಸರಿಯಾಗಿ ಉಣ್ಣುತ್ತಿಲ್ಲ.