ಅಕ್ರೋಟು ಎಲೆಯ ತಪ್ಪಿಗೆ ರೇಷ್ಮೆಗೆ ಶಿಕ್ಷೆ

ಹೊಸ ಚಿಕಿತ್ಸೆಗಳಿಗೆ ಅನುಮತಿ ಕೊಡುವ ಇಲಾಖೆಯ ಮಾನ್ಯ ನಿರ್ದೇಶಕರೇ,

ತಪ್ಪು ಮಾಡಿದವಳು ನಾನು. ನೀವು ಶಿಕ್ಷೆ ಕೊಟ್ಟಿರುವುದು ನನ್ನ ಮಗಳ ಬಲಗೈಗೆ. ಇದನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ ‘ತಮ್ಮ ಪತ್ರ ತಲುಪಿದೆ’ ಎಂಬ ಉತ್ತರ ಬಂತು. ನಮ್ಮಿಬ್ಬರ ನಡುವೆ ಕೆಲಸ ಮಾಡುತ್ತಿರುವವನು ಅಂಚೆಯವನೊಬ್ಬನೇ ಎಂದು ಖಾತ್ರಿಯಾದ ಮೇಲೆ, ಈಗ ಪತ್ರಿಕೆಯಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮ ಗ್ರೀಸಿನ ಎವ್ರೋಸ್ ನದಿಯ ದಂಡೆಯಲ್ಲಿ ಇನ್ನೂ ರೇಷ್ಮೆಹುಳು ಸಾಕುವ ನಾಲ್ಕಾರು ಮನೆಗಳಲ್ಲಿ ನಮ್ಮದೊಂದು. ಮಗಳು ಸ್ಮರಾಗ್ದಾಗೆ ಇಪ್ಪತ್ತಾರು ವರ್ಷ. ಊರಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಹೋದ ಸೆಪ್ಟೆಂಬರಿನಲ್ಲಿ ಆ ಅಂಗಡಿಯ ಗಾಜಿನ ಬಾಗಿಲು ಒಡೆದು ಮುಂಗೈ ಸೀಳಿತು, ನರ ತುಂಡಾಯಿತು. ಕಾಲಿನಿಂದ ನರದ ತುಣುಕು ತೆಗೆದು ಜೋಡಿಸಿದರು, ಅದು ಹಿಡಿಯಲಿಲ್ಲ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಅವಳ ಕೈ ಈಗ ಅವಳದಲ್ಲ. ಉಳಿದ ದಾರಿ ಒಂದೇ: ರೇಷ್ಮೆಯಿಂದ ಮಾಡಿದ ಸಣ್ಣ ನಳಿಕೆಯನ್ನು ತುಂಡಾದ ನರದ ಎರಡು ತುದಿಗಳ ನಡುವೆ ಇಟ್ಟು, ಅದರೊಳಗೆ ನರ ಬೆಳೆಯಲು ಬಿಡುವುದು. ಇಲಿಗಳ ಮೇಲೆ ಎರಡು ವರ್ಷದ ಪರೀಕ್ಷೆ ಮುಗಿದಿದೆ. ಮನುಷ್ಯರಿಗೆ ಹಾಕಲು ಆರಿಸಿದ ರೇಷ್ಮೆಗೂಡುಗಳ ಕೊನೆಯ ಪರೀಕ್ಷೆ ಮಾತ್ರ ಬಾಕಿ ಇತ್ತು. ಆ ಗೂಡುಗಳು ನಮ್ಮ ಮನೆಯವು.

ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದಂತೆ. ನಿಮ್ಮ ಇಲಾಖೆಯ ಕಡತಕ್ಕೆ ಹೋಲಿಸಿದರೆ ಅದು ಕುದುರೆ ಓಟ. ಅಷ್ಟಾದರೂ ಅದು ಬೆರಳು ತಲುಪುವುದರೊಳಗೆ ಅಲ್ಲಿನ ಸ್ನಾಯು ಸತ್ತುಹೋದರೆ ನರ ಬಂದೂ ಪ್ರಯೋಜನವಿಲ್ಲ. ಸೆಪ್ಟೆಂಬರ್ ದಾಟಿದರೆ ಕೈ ಹಾಕುವುದಿಲ್ಲ ಎಂದು ಶಸ್ತ್ರವೈದ್ಯರು ಹೇಳಿಬಿಟ್ಟಿದ್ದಾರೆ. ಇಂದು ಜೂನ್ ಆರನೆಯ ತಾರೀಕು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಮಾರುವ ಗೂಡುಗಳನ್ನು ನಾವು ಬಹಳ ದಿನ ಇಡುವುದಿಲ್ಲ. ಪ್ರಯೋಗಾಲಯದವರು ಮಾತ್ರ ಚಳಿಗಾಲದವರೆಗೆ ತೆಗೆದಿಡಲು ಹೇಳಿದರು. ಮಗಳಿಗೆ ಜೋಡಿಸಿದ ನರ ಹಿಡಿಯಲಿಲ್ಲ ಎಂದು ತಿಳಿದ ಮೇಲೆ, ಆರಿಸಿ ಆರಿಸಿ ಒಳ್ಳೆಯ ಗೂಡುಗಳನ್ನು ಮುತ್ತು ಎಣಿಸುವವರ ಹಾಗೆ ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟೆ. ನುಸಿ ತಾಗಬಾರದೆಂದು ನಮ್ಮ ಕಡೆ ಎಲ್ಲರೂ ಮಾಡುವಂತೆ ಒಣಗಿದ ಅಕ್ರೋಟು ಎಲೆ ಹಾಸಿದೆ. ಮದುವೆಯ ಕಂಬಳಿಗೆ ಒಂದು ಪದರ ಹಾಸುತ್ತೇವೆ. ಇದು ಮಗಳ ಕೈಗೆ ಹೋಗುವ ರೇಷ್ಮೆಯಲ್ಲವೇ? ಎರಡು ಪದರ ಹಾಸಿದೆ.

ಮಾರ್ಚಿನಲ್ಲಿ ಪ್ರಯೋಗಾಲಯದ ಕೊನೆಯ ಪರೀಕ್ಷೆಯಲ್ಲಿ ಆ ರೇಷ್ಮೆ ನೆನೆಸಿದ ನೀರು ತಾಗಿದ ಜೀವಕೋಶಗಳೆಲ್ಲ ಸತ್ತವು. ಎರಡು ವಾರದೊಳಗೆ ‘ರೇಷ್ಮೆಯು ನರಕೋಶಗಳಿಗೆ ಹಾನಿಕರವೆಂದು ಕಂಡುಬಂದಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ನಿಮ್ಮ ಕಚೇರಿ ಬರೆಯಿತು. ಅಷ್ಟು ಚುರುಕಾಗಿ ನಿಮ್ಮ ಕಚೇರಿ ಕೆಲಸ ಮಾಡಿದ್ದು ಅದೊಂದೇ ಸಲ.

ಪರೀಕ್ಷೆ ಮಾಡಿದ ಕಲ್ಲಿರೋಯಿ ಎಂಬಾಕೆಗೆ ಸಮಾಧಾನವಾಗಲಿಲ್ಲ. ಎರಡು ವರ್ಷ ಸುಮ್ಮನಿದ್ದ ರೇಷ್ಮೆ ಇದ್ದಕ್ಕಿದ್ದಂತೆ ಯಾಕೆ ಕೊಲ್ಲಬೇಕು ಎಂದು ಏಪ್ರಿಲಿನಲ್ಲಿ ಬಸ್ ಹತ್ತಿ ನಮ್ಮ ಮನೆಗೇ ಬಂದರು. ಝುಂಬೂಲಿಯಾ ಎಂಬ ಹೆಸರಿನ ನಮ್ಮತ್ತೆ ತಟ್ಟೆಯಲ್ಲಿ ಸಿಹಿ ಇಟ್ಟು, ಪಕ್ಕದಲ್ಲಿ ತಣ್ಣೀರಿಟ್ಟು ಕೂತರು. ಪೆಟ್ಟಿಗೆ ತೆರೆದಾಗ ಕಲ್ಲಿರೋಯಿ ಬಗ್ಗಿ ಮೂಸಿದರು.

“ಅಜ್ಜೀ, ಇದೇನು ಸೊಪ್ಪು?”

“ಅಕ್ರೋಟು ಎಲೆ ಕಣಮ್ಮಾ. ನಲವತ್ತು ವರ್ಷದಿಂದ ಈ ಪೆಟ್ಟಿಗೇಲಿ ಒಂದು ನುಸಿ ಬದುಕಿಲ್ಲ ಗೊತ್ತಾ!”

“ನುಸಿ ಬದುಕಲ್ಲ ಅಂದ್ಮೇಲೆ ಬೇರೆಯವು ಹ್ಯಾಗಜ್ಜಿ ಬದುಕ್ತವೆ?”

“ಅಯ್ಯೋ, ಎಲೆ ಯಾರಿಗೇನು ಮಾಡೀತು? ಮರದ್ದಲ್ವಾ? ಅಂಗಡಿ ಔಷಧಿ ಹಾಕಿದ್ರೆ ಕೇಳು.”

ಕಲ್ಲಿರೋಯಿ ನನ್ನ ಮುಖ ನೋಡಿದರು. ನಾನು ಎರಡು ಪದರ ಎಲೆಯನ್ನೂ ಎತ್ತಿ ಅವರ ಕೈಗೆ ಕೊಟ್ಟೆ. ಅತ್ತೆ ಮಾತ್ರ, “ಸಿಹಿ ತಿನ್ನಮ್ಮಾ, ಆರ್ತದೆ,” ಎನ್ನುತ್ತಿದ್ದರು. ಆರಲು ಅದೇನು ಬಿಸಿ ಅಡುಗೆಯೇ? ಅವರಿಗೂ ಅರ್ಥವಾಗಿತ್ತು.

ಆಕೆ ಎಲೆಯನ್ನೊಂದೇ ಪರೀಕ್ಷಿಸಿದರು, ಜೀವಕೋಶಗಳು ಸತ್ತವು. ಎಲೆ ಹಾಸದ ಪಕ್ಕದ ಮನೆಯ ಗೂಡನ್ನು ಪರೀಕ್ಷಿಸಿದರು, ಬದುಕಿದವು. ಈ ಫಲಿತಾಂಶವನ್ನು ನಿಮಗೆ ಕಳಿಸಿದಾಗ ಬಂದ ಉತ್ತರ ಇದು: ‘ಕಡತ ಮುಕ್ತಾಯವಾದ ನಂತರ ನಡೆಸಿದ ಪರೀಕ್ಷೆ ಅನಧಿಕೃತ’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕೇಳಿದ್ದೆ. ಎಮ್ಮೆಗೆ ಜ್ವರವಿಲ್ಲ ಎಂದು ತೋರಿಸಿದ ವೈದ್ಯರನ್ನೇ ಅನಧಿಕೃತ ಎನ್ನುವವರನ್ನು ಈಗ ಕಂಡೆ. ಸ್ವಾಮೀ, ಮಾರ್ಚಿನ ಆ ಪರೀಕ್ಷೆ ಸೋತಿದೆಯೇ? ಒಬ್ಬ ತಾಯಿಯ ಪೆಟ್ಟಿಗೆಯ ತಳದ ತಪ್ಪನ್ನು ಹುಡುಕಿ ತೆಗೆದ ಪರೀಕ್ಷೆ ಅದು. ಅದಿಲ್ಲದಿದ್ದರೆ ನನ್ನ ಪ್ರೀತಿಯೇ ನನ್ನ ಮಗಳ ನರವನ್ನು ಎರಡನೆಯ ಸಲ ಕೊಲ್ಲುತ್ತಿತ್ತು.

ಮೇ ತಿಂಗಳಲ್ಲಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಮಹನೀಯರು ದಯಾಳುಗಳು. ದನಿ ತಗ್ಗಿಸಿ ದಾರಿ ಹೇಳಿಕೊಟ್ಟರು.

“ಅಮ್ಮಾ, ಆ ಕಡತದ ಆಸೆ ಬಿಡಿ. ಗಾಯ ಹೊಲಿಯೋ ದಾರ ಅಂತ ಬೇರೆ ಅರ್ಜಿ ಹಾಕ್ಸಿ. ರೇಷ್ಮೆ ದಾರಕ್ಕೆ ಹೊಸ ಪರೀಕ್ಷೆ ಕೇಳಲ್ಲ. ರೇಷ್ಮೆ ಕೊಡೋರು ನೀವು, ಒಪ್ಪಿಗೆಗೆ ಸಹಿ ಹಾಕಿದ್ರೆ ಆಯ್ತು.”

“ಪರೀಕ್ಷೆ ಇಲ್ದೇನೇ? ಏನೂ ತೊಂದ್ರೆ ಆಗಲ್ವಾ?”

“ಫಿಸಿಕಾ!”

ನಮ್ಮ ಭಾಷೆಯ ಈ ಪದ ನಿಮಗೂ ಗೊತ್ತು. ‘ಪ್ರಕೃತಿಯದ್ದು’ ಎನ್ನಲೂ ಇದೇ, ‘ಮತ್ತಿನ್ನೇನು, ಖಂಡಿತ’ ಎನ್ನಲೂ ಇದೇ. ಪ್ರಕೃತಿಯದ್ದು ಎಂದರೋ, ಖಂಡಿತ ಆಗುವುದಿಲ್ಲ ಎಂದರೋ, ಅಥವಾ ಖಂಡಿತ ಆಗುತ್ತದೆ ಎಂದರೋ? ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಈ ಒಂದು ಪದ ನಮ್ಮನ್ನು ಎಷ್ಟು ಕಾಲದಿಂದ ಹಾಳುಮಾಡುತ್ತಿದೆ! ಪ್ರಕೃತಿಯದ್ದು ಎಂದ ಕೂಡಲೇ ಖಂಡಿತ ಒಳ್ಳೆಯದು ಎಂದು ನಾಲಿಗೆಯೇ ತೀರ್ಪು ಕೊಟ್ಟುಬಿಡುತ್ತದೆ. ನಮ್ಮತ್ತೆ ಓದಿದವರಲ್ಲ, ಬಿಡಿ. ನಿಮ್ಮ ಕಚೇರಿ ಏನು ಓದಿದೆ? ಒಂದು ಕೈಯಿಂದ ರೇಷ್ಮೆ ವಿಷ ಎಂದು ಬರೆಯುತ್ತದೆ. ಅದೇ ರೇಷ್ಮೆಯನ್ನು ಪರೀಕ್ಷೆಯಿಲ್ಲದೆ ಮಗಳಿಗೆ ಹಾಕಿಸಿ ಎಂದು ಇನ್ನೊಂದು ಕೈಯಿಂದ ದಾರಿ ತೋರಿಸುತ್ತದೆ.

ಸುಳ್ಳು ಹೇಳುವುದಿಲ್ಲ, ನಾನು ಆ ಅರ್ಜಿ ತರಿಸಿದೆ. ಸಹಿ ಹಾಕಲು ಪೆನ್ನೂ ಹಿಡಿದೆ. ಸ್ಮರಾಗ್ದಾ ಎಡಗೈಯಲ್ಲಿ ಕಾಗದ ಎಳೆದುಕೊಂಡಳು.

“ಅಮ್ಮಾ, ಗೊತ್ತಿಲ್ದೆ ಎಲೆ ಹಾಕಿದ್ಯಲ್ಲ, ಅದಕ್ಕೆ ನಾನು ನಿನ್ನ ಬೈದ್ನಾ?”

“ಇಲ್ಲ ಕಣೇ.”

“ಇದಕ್ಕೆ ಸಹಿ ಹಾಕಿದ್ರೆ ಗೊತ್ತಿದ್ದೂ ಹಾಕ್ದಂಗೆ. ಆಗ ಬೈತೀನಿ ನೋಡು. ಇನ್ನೊಂದು ಕೈ ಇದೆ, ಹೊಡೆದ್ರೂ ಹೊಡೆದೆ!” ಎಂದು ನಕ್ಕಳು. ನಾನು ಅಳುವುದನ್ನು ನೋಡಿ ನಗು ನಿಲ್ಲಿಸಿದಳು. ಅರ್ಜಿಯನ್ನು ಒಲೆಗೆ ಹಾಕಿದೆವು.

ಆದ್ದರಿಂದ ಕೇಳುತ್ತಿದ್ದೇನೆ. ಈ ವರ್ಷದ ಗೂಡುಗಳು ಸಿದ್ಧವಾಗುತ್ತಿವೆ. ಹದಿನಾಲ್ಕನೆಯ ತಾರೀಕು ಬಿಡಿಸುತ್ತೇವೆ. ಅಂದು ನಿಮ್ಮ ಒಬ್ಬ ಅಧಿಕಾರಿಯನ್ನು ಕಳಿಸಿ. ಅವರೆದುರೇ ಗೂಡು ಬಿಡಿಸುತ್ತೇವೆ, ಅವರ ಕೈಯಿಂದಲೇ ಚೀಲಕ್ಕೆ ಮೊಹರು ಬೀಳಲಿ. ನಾನು ಆ ಚೀಲದ ಹತ್ತಿರವೂ ಸುಳಿಯುವುದಿಲ್ಲ. ಕಡತ ತೆರೆದು ಪರೀಕ್ಷೆ ಮಾಡಿಸಿ, ಪರೀಕ್ಷೆಗೆ ಬೇಕಾದದ್ದು ಕೆಲವೇ ದಿನ. ಪಾಸು ಮಾಡಿ ಎಂದು ಬೇಡುತ್ತಿಲ್ಲ. ಜೀವಕೋಶಗಳು ಸತ್ತರೆ, ಆ ರೇಷ್ಮೆಯನ್ನು ಅವಳಿಗೆ ಮುಟ್ಟಿಸಬೇಡಿ ಎಂದು ಮೊದಲು ಹೇಳುವವಳು ನಾನೇ. ಬದುಕಿದರೆ, ಸೆಪ್ಟೆಂಬರಿನೊಳಗೆ ಅವಳನ್ನು ಶಸ್ತ್ರಚಿಕಿತ್ಸೆಗೆ ಕಳಿಸಲು ಒಂದು ಸಾಲು ಬರೆದುಕೊಡಿ.

ನಿನ್ನೆ ಬೆಳಿಗ್ಗೆ ಅವಳು ಕಾಫಿ ಕಾಯಿಸುತ್ತಿದ್ದಳು. ಬೆನ್ನು ಹಾಕಿ ನಿಂತಿದ್ದ ನನಗೆ ಏನೋ ಸುಟ್ಟ ವಾಸನೆ ಬಂತು. ತಿರುಗಿದರೆ ಅವಳ ಬಲಗೈಯ ಬೆರಳುಗಳು ಒಲೆಯ ಅಂಚಿನ ಮೇಲಿದ್ದವು. ಅವಳು ಕಿಟಕಿಯಾಚೆ ನೋಡುತ್ತ ಹಾಡು ಗುನುಗುತ್ತಿದ್ದಳು.

ಇಂತಿ,
ಮಗಳ ಕೈ ನೋಯಲಿ ಎಂದು ದಿನವೂ ಮೇಣದ ಬತ್ತಿ ಹಚ್ಚುವ ತಾಯಿ,
ಎವಾಂಥಿಯಾ